ದೊರೆಗೆ ಅಂಗಿ ತೊಡಿಸಿದವನ ಅಂಗಡಿ

ಹೈದರಾಬಾದಿನ ಸಿಟಿ ಬಸ್ಸುಗಳಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಕೇಳಿಬರುವ ಹೆಸರು ಆಬಿಡ್ಸ್. ಮದುವೆ ಜವಳಿಗೆ, ಬಂಗಾರಕ್ಕೆ, ಕಾಲೇಜು ಪುಸ್ತಕಕ್ಕೆ, ಕನ್ನಡಕಕ್ಕೆ ಅಂತ ಕಲಬುರಗಿ, ಬೀದರ್, ರಾಯಚೂರಿನ ಕಡೆಯಿಂದ ಹೊರಟವರ ಬಾಯಲ್ಲೂ ತಲೆಮಾರುಗಳಿಂದ ಅದೇ ಹೆಸರು. ಯಾವನೋ ನವಾಬನದಿರಬೇಕು, ಇಲ್ಲವೇ ದರ್ಗಾದಲ್ಲಿ ಮಲಗಿರುವ ಸಂತನದಿರಬೇಕು ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಅಲ್ಲವೇ ಅಲ್ಲ! ಅದು ಒಂದು ಅಂಗಡಿಯ ಹೆಸರು. ಕೋಟೆ ಕಟ್ಟಿದವನದಲ್ಲ, ಯುದ್ಧ ಗೆದ್ದವನದಲ್ಲ, ಕೆರೆ ತೋಡಿಸಿದವನದೂ ಅಲ್ಲ. ಗಲ್ಲಾಪೆಟ್ಟಿಗೆಯ ಹಿಂದೆ ಕೂತವನ ಹೆಸರನ್ನು ಒಂದು ಮಹಾನಗರ ತನ್ನ ನಟ್ಟನಡುವಿನ ಬಡಾವಣೆಗೆ ಇಟ್ಟುಕೊಂಡು ನೂರು ವರ್ಷ ದಾಟಿದೆ. ಅಂಗಡಿ ಹೋಗಿ ಎಷ್ಟೋ ಕಾಲವಾಯಿತು, ಹೆಸರು ಮಾತ್ರ ಕದಲಿಲ್ಲ.

ಆ ಮನುಷ್ಯನ ಹೆಸರು ಆಲ್ಬರ್ಟ್ ಆಬಿದ್. ಅರ್ಮೇನಿಯ ಮೂಲದ ಯಹೂದಿ ಎಂದು ಹೈದರಾಬಾದಿನ ಇತಿಹಾಸ ಬರೆದವರು ಹೇಳುತ್ತಾರೆ. ಎಲ್ಲಿಯ ಅರ್ಮೇನಿಯ, ಎಲ್ಲಿಯ ಮೂಸಿ ನದಿಯ ದಂಡೆ! ಆತ ಇಲ್ಲಿ ಮಾಡುತ್ತಿದ್ದ ಕೆಲಸ ಕೇಳಿದರೆ ಕತೆ ಇನ್ನೂ ರಂಗೇರುತ್ತದೆ. ಆರನೇ ನಿಜಾಮ ಮೀರ್ ಮೆಹಬೂಬ್ ಅಲಿ ಖಾನನ ಖಾಸಾ ಸೇವಕ ಆತ. ದೊರೆಗೆ ಬಟ್ಟೆ ತೊಡಿಸುವವನು. ಇಂದು ಯಾವ ಶೇರ್ವಾನಿ, ಯಾವ ಕಾಲುಚೀಲ, ಯಾವ ಬೂಟು, ಯಾವ ಗುಂಡಿ, ಯಾವ ಗಡಿಯಾರ ಎಂಬುದೆಲ್ಲ ಆತನ ಕೈ ದಾಟಿಯೇ ದೊರೆಯ ಮೈ ಸೇರಬೇಕು. ಬೆಳಗ್ಗೆ ದೊರೆಯ ಮೈಮೇಲೆ ಏನಿರುತ್ತದೆಂದು ಇಡೀ ಸಂಸ್ಥಾನದಲ್ಲಿ ಎಲ್ಲರಿಗಿಂತ ಮೊದಲು ಗೊತ್ತಿದ್ದ ಮನುಷ್ಯನೇ ಅದೇ ಊರಿನಲ್ಲಿ ಬಗೆಬಗೆಯ ಸಾಮಾನಿನ ದೊಡ್ಡ ಅಂಗಡಿ ತೆರೆದ!

ಇದನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸುಮ್ಮನೆ ಕೂತುಬಿಟ್ಟೆ. ಗಿರಾಕಿಯ ಮನಸ್ಸು ತಿಳಿಯಲು ಇವತ್ತಿನ ಕಂಪನಿಗಳು ಏನೆಲ್ಲ ಮಾಡುತ್ತವೆ! ಸಮೀಕ್ಷೆ ನಡೆಸುತ್ತವೆ, ನಾವು ಫೋನಿನಲ್ಲಿ ಎಲ್ಲಿ ಬೆರಳಿಟ್ಟೆವು ಅಂತ ಲೆಕ್ಕ ಇಡುತ್ತವೆ. ಆಬಿದನಿಗೆ ಅದ್ಯಾವುದೂ ಬೇಕಿರಲಿಲ್ಲ. ಆ ಕಾಲದ ಹಿಂದೂಸ್ತಾನದ ಅತಿ ದೊಡ್ಡ ಗಿರಾಕಿಯ ಕಪಾಟಿನ ಬೀಗದ ಕೈ ಅವನ ಹತ್ತಿರವೇ ಇತ್ತು.

ಆ ಕಪಾಟನ್ನು ನೋಡದೆ ಅಂಗಡಿಯ ಕತೆ ಅರ್ಥವಾಗುವುದಿಲ್ಲ. ಅದು ಈಗಲೂ ಇದೆ! ಚಾರ್ಮಿನಾರಿನಿಂದ ಸ್ವಲ್ಪ ದೂರ, ಹಳೇ ಶಹರದ ಪುರಾನಿ ಹವೇಲಿಯಲ್ಲಿ. ಕಪಾಟು ಎಂದೊಡನೆ ಮನೆಯ ಗೋಡ್ರೆಜ್ ಬೀರು ನೆನೆಯಬೇಡಿ. ಅರಮನೆಯ ಒಂದಿಡೀ ಪಾರ್ಶ್ವವೇ ಕಪಾಟು. ಉದ್ದೋಉದ್ದ ಹಜಾರ, ಅದರ ಎರಡೂ ಬದಿಗೆ ಸಾಲುಗಟ್ಟಿ ನಿಂತ ತೇಗದ ಮರದ ಬೀರುಗಳು, ನೂರಕ್ಕೂ ಹೆಚ್ಚು. ಅಷ್ಟಕ್ಕೇ ಮುಗಿಯಲಿಲ್ಲ. ಅದರ ಮೇಲೆ ಇನ್ನೊಂದು ಮಹಡಿ, ಅಲ್ಲೂ ಬೀರುಗಳು! ಮೇಲಕ್ಕೆ ಹೋಗಲು ಮರದ ಲಿಫ್ಟ್, ಕೈಯಿಂದ ತಿರುಗಿಸಿ ಏರಿಸುವಂಥದು. ಕರೆಂಟು ಇಲ್ಲ, ಮೋಟಾರು ಇಲ್ಲ, ಒಬ್ಬ ಆಳಿನ ತೋಳಿನ ಬಲದಲ್ಲಿ ಇನ್ನೊಬ್ಬ ಆಳು ಮೇಲೇರಿ ದೊರೆಯ ಅಂಗಿ ತರಬೇಕು. ಜಗತ್ತಿನಲ್ಲೇ ಅತಿ ಉದ್ದದ ಉಡುಪಿನ ಕಪಾಟು ಇದೇ ಎಂದು ಅಲ್ಲಿಯವರು ಹೆಮ್ಮೆಯಿಂದ ಹೇಳುತ್ತಾರೆ. ಈ ತುದಿಯಲ್ಲಿ ನಿಂತು ಆ ತುದಿ ನೋಡಿದರೆ ಬಾಗಿಲುಗಳು ಚಿಕ್ಕದಾಗುತ್ತ ಆಗುತ್ತ ಒಂದರೊಳಗೊಂದು ಸೇರಿಹೋಗುತ್ತವೆ. ನಾನು ಒಂದೊಂದೇ ಬಾಗಿಲ ಮುಂದೆ ನಿಂತು ನಿಂತು ನಡೆದೆ. ಹಳೆಯ ಮರದ ಆ ಗಾಢ ಕಂದು, ಮೇಲಿನ ಮಹಡಿಯ ಕಟಕಟೆ, ಮಧ್ಯದಲ್ಲಿ ನಡೆಯುವ ದಾರಿ ಎಲ್ಲ ನೋಡುತ್ತಿದ್ದ ಹಾಗೆ ಒಂದು ಸಂಗತಿ ತಟ್ಟನೆ ಹೊಳೆಯಿತು. ಇದು ಮನೆಯ ಕಪಾಟಿನ ವಿನ್ಯಾಸವೇ ಅಲ್ಲ! ನಡುವೆ ಓಡಾಡುವ ಹಾದಿ, ಎರಡು ಕಡೆ ಸರಕು, ಮಹಡಿ ಮೇಲೆ ಇನ್ನಷ್ಟು ಸರಕು, ಹತ್ತಿ ಇಳಿಯಲು ಲಿಫ್ಟು. ಇದು ಡಿಪಾರ್ಟ್‌ಮೆಂಟ್ ಸ್ಟೋರಿನ ವಿನ್ಯಾಸ. ಒಬ್ಬನೇ ಗಿರಾಕಿಗೆಂದು ಕಟ್ಟಿದ ಡಿಪಾರ್ಟ್‌ಮೆಂಟ್ ಸ್ಟೋರು. ಅದರ ಉಸ್ತುವಾರಿಯಲ್ಲಿದ್ದವನು ಹೊರಗೆ ಬಂದು ಊರಿಗೆಲ್ಲ ಒಂದು ಅಂಗಡಿ ತೆರೆದದ್ದರಲ್ಲಿ ಆಶ್ಚರ್ಯವೇನಿದೆ?

ಮೆಹಬೂಬ್ ಅಲಿ ಖಾನ್ ಹುಟ್ಟಿದ್ದು 1866ರಲ್ಲಿ. ಅಪ್ಪ ತೀರಿಕೊಂಡಾಗ, 1869ರಲ್ಲಿ, ಇನ್ನೂ ಮೂರು ತುಂಬದ ಕೂಸನ್ನು ಗದ್ದುಗೆಯ ಮೇಲೆ ಕೂರಿಸಿದರು. ಸಂಸ್ಥಾನ ನೋಡಿಕೊಂಡವನು ದಿವಾನ ಸಾಲಾರ್ ಜಂಗ್. 1884ರಲ್ಲಿ ವೈಸರಾಯ್ ಲಾರ್ಡ್ ರಿಪ್ಪನ್ ಹೈದರಾಬಾದಿಗೆ ಬಂದು ಪೂರ್ಣ ಅಧಿಕಾರ ಒಪ್ಪಿಸಿದಾಗ ದೊರೆಗೆ ಹದಿನೇಳು. ಬೇಟೆ, ಕುದುರೆ, ಒಡವೆ, ಉಡುಪು ಎಲ್ಲದರಲ್ಲೂ ಮಿತಿಯಿಲ್ಲದ ಪ್ರೀತಿ. ಹಾವು ಕಚ್ಚಿದವರು ಅವನ ಹೆಸರು ಹೇಳಿದರೆ ವಿಷ ಇಳಿಯುತ್ತದೆ ಎಂದು ಜನ ನಂಬಿದ್ದರು, ಅಷ್ಟು ಪ್ರೀತಿ ಪ್ರಜೆಗಳಿಗೂ ಅವನ ಮೇಲೆ. ಒಮ್ಮೆ ತೊಟ್ಟ ಬಟ್ಟೆಯನ್ನು ಇನ್ನೊಮ್ಮೆ ತೊಡುತ್ತಿರಲಿಲ್ಲ ಎನ್ನುವುದು ಹೈದರಾಬಾದಿನ ಮನೆಮನೆಯ ಮಾತು. ಅಂಥ ದೊರೆಗೆ ಹೊಸದು ದಿನಾ ಬೇಕು. ಹೊಸದು ಎಲ್ಲಿಂದ ಬರಬೇಕು?

ಇಲ್ಲೇ ನೋಡಿ ನಮ್ಮ ಕನ್ನಡದ ನೆಲ ಕತೆಯೊಳಗೆ ಬಂದುಬಿಡುತ್ತದೆ! ವಾಡಿ ಜಂಕ್ಷನ್. ಕಲಬುರಗಿ ಜಿಲ್ಲೆಯ ವಾಡಿ. ಇವತ್ತು ನಮಗದು ಸಿಮೆಂಟಿನ ಊರು, ಪಕ್ಕದಲ್ಲಿ ಹಾಸುಗಲ್ಲಿನ ಶಹಾಬಾದ್. ಆದರೆ 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮನ ರೈಲು ಹಳಿ ಬಿದ್ದಾಗ ಹೈದರಾಬಾದಿಗೆ ಹೊರಜಗತ್ತಿನ ಬಾಗಿಲು ತೆರೆದದ್ದು ಈ ಊರಿನಲ್ಲಿ. ಮುಂಬೈ-ಮದ್ರಾಸ್ ದೊಡ್ಡ ಲೈನು ವಾಡಿಯ ಮೇಲೆ ಹಾದುಹೋಗುತ್ತಿತ್ತು, ಅಲ್ಲಿಂದ ಕವಲೊಡೆದ ಹಳಿ ರಾಜಧಾನಿಗೆ ಓಡುತ್ತಿತ್ತು. ಲಂಡನ್ನಿನಿಂದ, ಪ್ಯಾರಿಸ್ಸಿನಿಂದ ಹೊರಟ ಪೆಟ್ಟಿಗೆ ಸೂಯೆಜ್ ಕಾಲುವೆ ದಾಟಿ ಮುಂಬೈ ಬಂದರಿನಲ್ಲಿ ಇಳಿದು ರೈಲು ಹತ್ತಿತೆಂದರೆ, ಹೈದರಾಬಾದ್ ಮುಟ್ಟಲು ವಾಡಿಯನ್ನು ಹಾಯಲೇಬೇಕು. ಆ ಸೂಯೆಜ್ ಕಾಲುವೆ ತೆರೆದದ್ದು ಯಾವಾಗ? 1869ರಲ್ಲಿ, ಮೆಹಬೂಬ್ ಅಲಿ ಖಾನ್ ಪಟ್ಟಕ್ಕೆ ಬಂದ ಅದೇ ವರ್ಷ! ದೊರೆಯ ಕಾಲುಚೀಲ, ಸೆಂಟಿನ ಬಾಟಲಿ, ಪಿಂಗಾಣಿ ತಟ್ಟೆ, ಗೋಡೆ ಗಡಿಯಾರ ಎಲ್ಲವೂ ನಮ್ಮ ತೊಗರಿ ಹೊಲಗಳ ನಡುವೆ ಹಾದುಹೋದವು. ವಾಡಿಯಲ್ಲಿ ಗಾಡಿ ಬದಲಿಸಿದ ಯಾರಿಗಾದರೂ ಇದು ಹೊಳೆದಿದೆಯೇ?

ರೈಲಿನಿಂದ ಇಳಿದ ಸರಕಿಗೆ ಕರೋಡಗಿರಿ ಇಲಾಖೆ ಕಾದಿರುತ್ತಿತ್ತು. ಹೈದರಾಬಾದ್ ಸಂಸ್ಥಾನಕ್ಕೆ ತನ್ನದೇ ಸುಂಕ, ತನ್ನದೇ ಅಂಚೆ, ತನ್ನದೇ ನಾಣ್ಯ. ನಿಜಾಮನ ಹಾಲಿ ಸಿಕ್ಕಾ ಏಳು ಕೊಟ್ಟರೆ ಬ್ರಿಟಿಷರ ಕಲ್ದಾರ್ ರೂಪಾಯಿ ಸುಮಾರು ಆರು. ವಿಲಾಯತಿ ಸಾಮಾನು ಕೊಳ್ಳಲು ಕಲ್ದಾರ್ ಬೇಕು, ಊರಿನ ಗಿರಾಕಿಯ ಕೈಯಲ್ಲಿರುವುದು ಹಾಲಿ. ಒಂದು ವಿಲಾಯತಿ ಗಡಿಯಾರ ಮಾರುವುದೆಂದರೆ ಹಡಗಿನ ಬಾಡಿಗೆ, ರೈಲಿನ ಬಾಡಿಗೆ, ಸುಂಕ, ಎರಡು ನಾಣ್ಯಗಳ ವಟ್ಟ ಇಷ್ಟೂ ಲೆಕ್ಕ ತಲೆಯಲ್ಲಿ ತೂಗಬೇಕು. ಕಲಬುರಗಿಯ ಹಳೆಯ ಸಾಹುಕಾರರಿಗೆ ಈ ಹಾಲಿ-ಕಲ್ದಾರ್ ವಟ್ಟದ ಲೆಕ್ಕ ನೀರು ಕುಡಿದಷ್ಟು ಸಲೀಸು. ಅರ್ಮೇನಿಯದವನೊಬ್ಬ ಬಂದು ಅದನ್ನು ಕಲಿತು ಗೆದ್ದ ಎಂಬುದು ನನಗೆ ದೊರೆಯ ವೈಭವಕ್ಕಿಂತ ದೊಡ್ಡ ಬೆರಗು.

ಆತ ಅಂಗಡಿ ಇಟ್ಟ ಜಾಗವನ್ನು ನೋಡಿ. ಆಗಿನ ಹೈದರಾಬಾದಿನ ವ್ಯಾಪಾರವೆಲ್ಲ ಮೂಸಿಯ ದಕ್ಷಿಣಕ್ಕೆ, ಚಾರ್ಮಿನಾರಿನ ಸುತ್ತ. ಬಳೆಗೆ ಲಾಡ್ ಬಜಾರ್, ಮುತ್ತಿಗೆ ಇನ್ನೊಂದು ಸಾಲು, ಅತ್ತರಿಗೆ ಇನ್ನೊಂದು. ಒಂದೊಂದು ಗಲ್ಲಿಗೆ ಒಂದೊಂದು ಕಸುಬು. ನದಿಯ ಉತ್ತರಕ್ಕೆ ಬ್ರಿಟಿಷ್ ರೆಸಿಡೆನ್ಸಿಯ ಬಿಳಿ ಕಂಬಗಳ ಅರಮನೆ, ಅದರ ಸುತ್ತ ಬೆಳೆಯುತ್ತಿದ್ದ ಹೊಸ ವಸತಿ. ಸಾಲಾರ್ ಜಂಗ್ ಆಡಳಿತ ಸುಧಾರಿಸಲು ಉತ್ತರ ಹಿಂದೂಸ್ತಾನದಿಂದ ಓದಿದವರನ್ನು ಕರೆಸಿದ್ದ. ಅಂಥವರಲ್ಲಿ ಒಬ್ಬ ಮೌಲ್ವಿ ಚಿರಾಗ್ ಅಲಿ. ಆಬಿಡ್ಸಿನ ಚಿರಾಗ್ ಅಲಿ ಲೇನ್ ಅವನ ಹೆಸರಿನದೇ. ಶೇರ್ವಾನಿ ತೊಟ್ಟು, ಸಂಬಳ ಎಣಿಸಿ, ಇಂಗ್ಲಿಷ್ ಪತ್ರಿಕೆ ಓದಿ, ಮೇಜಿನ ಮೇಲೆ ಊಟ ಮಾಡುವ ಹೊಸ ವರ್ಗ. ಅವರಿಗೆ ಫೌಂಟನ್ ಪೆನ್ನು ಬೇಕು, ಟೀ ಸೆಟ್ಟು ಬೇಕು, ಬೂಟು ಬೇಕು, ಬೂಟಿಗೆ ಪಾಲಿಶ್ ಬೇಕು. ಇವೆಲ್ಲಕ್ಕೂ ಹತ್ತು ಗಲ್ಲಿ ಸುತ್ತಲು ಅವರಿಗೆ ವ್ಯವಧಾನವಿಲ್ಲ. ಜಟಕಾ ನಿಲ್ಲಿಸಿ ಒಂದೇ ಬಾಗಿಲು ಹೊಕ್ಕು ಎಲ್ಲ ತೆಗೆದುಕೊಂಡು ಬರುವಂತಿರಬೇಕು. ಆಬಿದ್ ಅಂಗಡಿಯಿಟ್ಟದ್ದು ಅವರ ಹಾದಿಯಲ್ಲೇ.

ಆ ಹೊತ್ತಿಗೆ ಜಗತ್ತಿನ ಬೇರೆ ಬೇರೆ ಮೂಲೆಗಳಲ್ಲಿ ಇದೇ ಹೊಸ ಬಗೆಯ ಅಂಗಡಿ ಕಣ್ಣು ಬಿಡುತ್ತಿತ್ತು. ಪ್ಯಾರಿಸ್ಸಿನಲ್ಲಿ ಆರಿಸ್ಟೀಡ್ ಬೂಸಿಕೋ ಮತ್ತು ಅವನ ಹೆಂಡತಿ ಮಾರ್ಗರೀಟ್ 1852ರಿಂದ ಬಾನ್ ಮಾರ್ಶೆಯನ್ನು ಬೆಳೆಸಿದ ಬಗೆ ಇಡೀ ಯುರೋಪಿಗೆ ಮಾದರಿಯಾಯಿತು. ಒಳಗೆ ಬಂದವರು ಕೊಳ್ಳಲೇಬೇಕೆಂದಿಲ್ಲ, ನೋಡಿ ಹೋಗಬಹುದು. ಚೌಕಾಸಿ ಇಲ್ಲ, ಬೆಲೆ ಚೀಟಿಯ ಮೇಲಿದೆ. ಹಿಡಿಸದಿದ್ದರೆ ವಾಪಸು ತರಬಹುದು. ಅದಕ್ಕೂ ಎಷ್ಟೋ ಮೊದಲು, 1673ರಲ್ಲೇ, ಜಪಾನಿನ ಮಿತ್ಸುಯಿ ಮನೆತನ ಎದೋ ನಗರದಲ್ಲಿ ಬಟ್ಟೆಯಂಗಡಿ ತೆರೆದು ‘ನಗದು ಮಾತ್ರ, ಒಂದೇ ಬೆಲೆ’ ಎಂದಿತ್ತು. ಅದೇ ಮುಂದೆ ಮಿತ್ಸುಕೋಶಿ ಆಯಿತು. ನಮ್ಮ ಕಡೆ ಮದ್ರಾಸಿನ ಸ್ಪೆನ್ಸರ್ಸ್ 1860ರ ದಶಕದ್ದು, ಕಲ್ಕತ್ತೆಯ ವೈಟ್‌ಅವೇ ಲೇಡ್‌ಲಾ 1882ರದ್ದು. ಆದರೆ ಅವೆಲ್ಲ ಬಿಳಿಯರು ಮುಖ್ಯವಾಗಿ ಬಿಳಿಯರಿಗೆಂದು ಬ್ರಿಟಿಷ್ ನೆಲದಲ್ಲಿ ತೆರೆದವು. ಆಬಿದನ ಅಂಗಡಿ ಇದ್ದದ್ದು ದೇಶೀ ದೊರೆಯ ನೆಲದಲ್ಲಿ, ಅದನ್ನು ಸಾಕಿದ್ದು ದೇಶೀ ದೊರೆಯ ಅಭಿರುಚಿ. ಈ ವ್ಯತ್ಯಾಸ ಸಣ್ಣದೆಂದು ನನಗೆ ಅನ್ನಿಸುವುದೇ ಇಲ್ಲ.

ಈಗ ಆ ಊರಿನ ಪ್ರಸಿದ್ಧ ಕತೆಗೆ ಬರೋಣ. ದೊರೆ ಒಮ್ಮೆ ತೊಟ್ಟು ಬಿಟ್ಟ ಕಾಲುಚೀಲ, ಬೂಟು, ಅಂಗಿಗಳು ಆಬಿದನ ಪಾಲಾಗುತ್ತಿದ್ದವಂತೆ. ಅವನ್ನೇ ಆತ ಒಗೆಸಿ, ಮಡಿಸಿ, ಹೊಸ ಪೆಟ್ಟಿಗೆಯಲ್ಲಿಟ್ಟು ಅಂಗಡಿಗೆ ತರುತ್ತಿದ್ದನಂತೆ. ಮಾರನೇ ವಾರ ಅರಮನೆಯಿಂದ ಹೊಸದು ಬೇಕೆಂದು ಹುಕುಂ ಬಂದಾಗ ಅದೇ ಸಾಮಾನು ಅದೇ ದೊರೆಗೆ ಮತ್ತೆ ಮಾರಾಟ! ಇದು ದಾಖಲೆಯ ಮಾತಲ್ಲ, ಜನರ ಬಾಯಿಯ ಮಾತು. ಕೇಳಿದವರು ಆತನನ್ನು ಮೋಸಗಾರ ಎಂದು ಒಂದೇ ಪದದಲ್ಲಿ ಮುಗಿಸುತ್ತಾರೆ. ನನಗೆ ಕತೆ ಅಷ್ಟಕ್ಕೆ ಮುಗಿದಂತೆ ಕಾಣುವುದಿಲ್ಲ. ಒಡೆಯ ತೊಟ್ಟು ಬಿಟ್ಟದ್ದು ಆಳಿನ ಹಕ್ಕು ಎಂಬ ರೂಢಿ ಎಷ್ಟೋ ಅರಮನೆಗಳಲ್ಲಿತ್ತು. ಅದಕ್ಕಿಂತ ಮುಖ್ಯವಾದದ್ದು ಖಿಲತ್ತಿನ ಸಂಪ್ರದಾಯ. ಮೊಗಲರ ಕಾಲದಿಂದ ದೊರೆ ಯಾರನ್ನಾದರೂ ಗೌರವಿಸಬೇಕೆಂದರೆ ಉಡುಪು ಕೊಡುತ್ತಿದ್ದ, ದೊರೆಯ ಮೈ ಮುಟ್ಟಿದ ಬಟ್ಟೆಗಂತೂ ಬೆಲೆ ಕಟ್ಟಲಾಗದು. ಬೇರೆಲ್ಲ ಕಡೆ ಒಮ್ಮೆ ತೊಟ್ಟರೆ ಬಟ್ಟೆಯ ಬೆಲೆ ಇಳಿಯುತ್ತದೆ. ಹೈದರಾಬಾದಿನ ದರ್ಬಾರಿನಲ್ಲಿ ದೊರೆ ತೊಟ್ಟರೆ ಏರುತ್ತದೆ! ಅಂಥ ಊರಿನಲ್ಲಿ ದೊರೆಯ ಸೇವಕ ಅಂಗಡಿಯಿಟ್ಟರೆ ನವಾಬರ ಮಕ್ಕಳು, ಜಾಗೀರದಾರರು ಅಲ್ಲಿಗೆ ಬರುವುದು ಬರೀ ಸಾಮಾನಿಗಲ್ಲ. ಅರಮನೆಯ ಒಳಗೆ ಈಗ ಯಾವುದು ನಡೆಯುತ್ತಿದೆ ಎಂಬುದು ಅವರಿಗೆ ಗೊತ್ತಾಗುವ ಜಾಗ ಅದು. ದೊರೆಯೇ ಆ ಅಂಗಡಿಯ ಜಾಹೀರಾತು.

ಅದೇ ದೊರೆಯ ನೆರಳಿನಲ್ಲಿ, ಅದೇ ವರ್ಷಗಳಲ್ಲಿ, ಇನ್ನೊಂದು ಮನೆತನವೂ ಹೊಸ ವ್ಯಾಪಾರ ಹೂಡಿತ್ತು. ಛಾಯಾಗ್ರಾಹಕ ರಾಜಾ ದೀನ್ ದಯಾಳ್ 1880ರ ದಶಕದಲ್ಲಿ ಸಿಕಂದರಾಬಾದಿನಲ್ಲಿ ಸ್ಟುಡಿಯೋ ತೆರೆದು, ಮಕ್ಕಳನ್ನು ಜೊತೆಗೆ ಸೇರಿಸಿಕೊಂಡು ‘ರಾಜಾ ದೀನ್ ದಯಾಳ್ ಅಂಡ್ ಸನ್ಸ್’ ಕಟ್ಟಿದ. 1892ರಲ್ಲಿ ಪರ್ದಾ ಪಾಲಿಸುವ ಹೆಂಗಸರಿಗಾಗಿಯೇ ಜನಾನಾ ಸ್ಟುಡಿಯೋ ತೆರೆದ, ಫೋಟೋ ತೆಗೆಯಲು ಒಬ್ಬ ಇಂಗ್ಲಿಷ್ ಮಹಿಳೆಯನ್ನು ನೇಮಿಸಿದ. ಎಂಥ ಕಲ್ಪನೆ! ಆ ಫೋಟೋಗಳಲ್ಲಿನ ಮೇಜು, ಕುರ್ಚಿ, ಜೇಬುಗಡಿಯಾರದ ಸರಪಳಿ, ಬೂಟುಗಳನ್ನು ಒಂದೊಂದಾಗಿ ನೋಡಿ. ಆಗಿನ ಹೈದರಾಬಾದಿಗೆ ಏನೆಲ್ಲ ಬರುತ್ತಿತ್ತು ಎಂಬುದರ ಪಟ್ಟಿ ಅಲ್ಲೇ ಇದೆ.

ಆಬಿದನ ಪ್ರಭಾವ ಕಾಲುಚೀಲಕ್ಕೇ ನಿಂತಿದ್ದರೆ ಇತಿಹಾಸ ಅವನನ್ನು ಮರೆಯುತ್ತಿತ್ತೇನೋ. 1891ರಲ್ಲಿ ಆತ ಕೈಹಾಕಿದ್ದು ಜಗತ್ತಿನ ಅತಿ ದೊಡ್ಡ ವಜ್ರಗಳಲ್ಲೊಂದರ ವ್ಯಾಪಾರಕ್ಕೆ. ಸಿಮ್ಲಾದಲ್ಲಿ ಅಲೆಕ್ಸಾಂಡರ್ ಮಾಲ್ಕಂ ಜೇಕಬ್ ಎಂಬ ರತ್ನದ ವ್ಯಾಪಾರಿಯಿದ್ದ. ಕಿಪ್ಲಿಂಗ್‌ನ ‘ಕಿಮ್’ ಕಾದಂಬರಿಯ ಲರ್ಗನ್ ಸಾಹೇಬನಿಗೆ ಮೂಲ ಇವನೇ. ದಕ್ಷಿಣ ಆಫ್ರಿಕದ ಗಣಿಯಲ್ಲಿ ಸಿಕ್ಕಿ, ಆಮ್‌ಸ್ಟರ್‌ಡ್ಯಾಮಿನಲ್ಲಿ ಕತ್ತರಿಸಿ, ಲಂಡನ್ನಿನಲ್ಲಿ ಕೊಳ್ಳುವವರಿಲ್ಲದೆ ಕೂತಿದ್ದ ಇಂಪೀರಿಯಲ್ ವಜ್ರವನ್ನು ನಿಜಾಮನಿಗೆ ಮಾರಬೇಕೆಂದು ಜೇಕಬ್ ಹೊರಟ. ದೊರೆಯ ಹತ್ತಿರ ಸುಳಿಯಲು ಇದ್ದ ಬಾಗಿಲು ಒಂದೇ, ಆಬಿದ್. ಜೇಕಬ್ ಗಾಜಿನ ಮಾದರಿ ತಂದು ತೋರಿಸಿದ. ಕೇಳಿದ ಬೆಲೆ ಒಂದು ಕೋಟಿ 20 ಲಕ್ಷ, ಕುದುರಿದ್ದು 46 ಲಕ್ಷಕ್ಕೆ, ಮುಂಗಡ ಇಟ್ಟದ್ದು 23 ಲಕ್ಷ. ಅದೂ ಆ ಕಾಲದ ರೂಪಾಯಿ! ಜೇಕಬ್ ಆ ಮುಂಗಡದಲ್ಲೇ ವಜ್ರ ಕೊಂಡು ತಂದ. ಅಷ್ಟರಲ್ಲಿ ಬ್ರಿಟಿಷ್ ರೆಸಿಡೆಂಟ್ ಈ ದುಂದಿಗೆ ಅಡ್ಡ ಬಂದಿದ್ದ. ದೊರೆ ಕಲ್ಲನ್ನು ಕೈಯಲ್ಲಿ ಹಿಡಿದು ನೋಡಿ ಬೇಡ ಎಂದುಬಿಟ್ಟ.

ಮುಂಗಡ ವಾಪಸು ಬರಲಿಲ್ಲ, ಕೇಸು ಕಲ್ಕತ್ತಾ ಹೈಕೋರ್ಟಿಗೆ ಹೋಯಿತು. ನಿಜಾಮನ ಸಾಕ್ಷ್ಯ ಪಡೆಯಲು ಆಯೋಗವೊಂದು ಹೈದರಾಬಾದಿಗೇ ಬರಬೇಕಾಯಿತು. ಪತ್ರಿಕೆಗಳಿಗೆ ಹಬ್ಬ. ಅದೇ ವರ್ಷದ ಕೊನೆಗೆ ಜೇಕಬ್ ಖುಲಾಸೆಯಾದ, ಆದರೆ ಅವನ ವ್ಯಾಪಾರ ಮತ್ತೆ ಏಳಲಿಲ್ಲ. ಬಡತನದಲ್ಲೇ 1921ರಲ್ಲಿ ತೀರಿಕೊಂಡ. ವಜ್ರ ಕೊನೆಗೆ ನಿಜಾಮನಲ್ಲೇ ಉಳಿಯಿತು. ಮೆಹಬೂಬ್ ಅಲಿ ಖಾನನಿಗೆ ಅದರ ಮೇಲೆ ಎಂಥ ಜಿಗುಪ್ಸೆ ಬಂದಿತ್ತೆಂದರೆ, ಅವನ ಕಾಲಾನಂತರ ಮಗ ಉಸ್ಮಾನ್ ಅಲಿ ಖಾನನಿಗೆ ಅದು ಸಿಕ್ಕಿದ್ದು ಅಪ್ಪನ ಚಡಾವಿನ ಮೂತಿಯೊಳಗೆ! ಮಗ ಅದನ್ನು ಕಾಗದ ಹಾರದಂತೆ ಒತ್ತಿಡಲು ಬಳಸಿದ. 184.75 ಕ್ಯಾರಟ್, ಅಂದರೆ ಸುಮಾರು 37 ಗ್ರಾಂ. 1995ರಲ್ಲಿ ಭಾರತ ಸರಕಾರ ನಿಜಾಮರ 173 ಒಡವೆಗಳನ್ನು 218 ಕೋಟಿ ರೂಪಾಯಿಗೆ ಕೊಂಡಾಗ ಜೇಕಬ್ ವಜ್ರವೆಂದೇ ಹೆಸರಾದ ಈ ಕಲ್ಲೂ ಅದರಲ್ಲಿತ್ತು. ಈಗ ಅದು ರಿಸರ್ವ್ ಬ್ಯಾಂಕಿನ ತಿಜೋರಿಯಲ್ಲಿದೆ, ಪ್ರದರ್ಶನಕ್ಕೆ ಹೊರಬರುವುದು ಅಪರೂಪ.

ವಜ್ರ ಸಿಕ್ಕಿದ್ದು ಚಡಾವಿನಲ್ಲಿ ಎಂಬುದು ನನ್ನನ್ನು ಬಿಡದೆ ಕಾಡುತ್ತದೆ. ಚಡಾವು, ಬೂಟು, ಕಾಲುಚೀಲ ಇವೆಲ್ಲ ಯಾರ ಉಸ್ತುವಾರಿಯವು? ಆಬಿದನ ಕೈ ತಂದ ವಜ್ರ ಹೋಗಿ ಅಡಗಿದ್ದು ಆಬಿದನ ಲೋಕದಲ್ಲೇ. ಕಾದಂಬರಿಕಾರ ಹೀಗೆ ಬರೆದರೆ ಅತಿಯಾಯಿತು ಎನ್ನುತ್ತೇವೆ.

ಮೆಹಬೂಬ್ ಅಲಿ ಖಾನ್ 1911ರಲ್ಲಿ ತೀರಿಕೊಂಡ. ಪಟ್ಟಕ್ಕೆ ಬಂದ ಉಸ್ಮಾನ್ ಅಲಿ ಖಾನ್ ಅಪ್ಪನ ತದ್ವಿರುದ್ಧ. ಜಗತ್ತಿನ ಅತಿ ಶ್ರೀಮಂತ ಎಂದು ಹೆಸರಾದವನು, ಹಳೆಯ ಟೋಪಿ ಬಿಡದವನು, ಮಾಸಿದ ಶೇರ್ವಾನಿಯಲ್ಲೇ ದಿನ ಕಳೆದವನು. ಆತ ವಾಸವಿದ್ದ ಕಿಂಗ್ ಕೋಠಿ ಆಬಿಡ್ಸಿನ ಪಕ್ಕದಲ್ಲೇ ಇದೆ. ಒಮ್ಮೆ ತೊಟ್ಟದ್ದು ಮತ್ತೆ ತೊಡದ ದೊರೆಯ ಮೇಲೆ ನಿಂತ ವ್ಯಾಪಾರ, ತೊಟ್ಟದ್ದನ್ನೇ ಹರಿಯುವವರೆಗೆ ತೊಡುವ ದೊರೆಯ ಕಾಲದಲ್ಲಿ ಹಾಗೆಯೇ ನಡೆಯುವುದು ಸಾಧ್ಯವಿರಲಿಲ್ಲ. ಅಂಗಡಿಯಿದ್ದ ಜಾಗದಲ್ಲೇ ಮುಂದೆ ಪ್ಯಾಲೇಸ್ ಟಾಕೀಸ್ ಎದ್ದಿತು ಎಂದು ಹೈದರಾಬಾದಿನ ಹಳಬರು ತೋರಿಸುತ್ತಾರೆ. ಆ ಟಾಕೀಸೂ ಈಗಿಲ್ಲ.

ಆದರೆ ಬಡಾವಣೆ ಉಳಿಯಿತು ನೋಡಿ, ಅದೇ ವಿಸ್ಮಯ! ಒಂದು ಅಂಗಡಿ ಗಿರಾಕಿಗೆ ಕಲಿಸಿದ ದಾರಿಯಲ್ಲಿ ನೂರಾರು ಅಂಗಡಿ ಬಂದು ಕೂತವು. ಗ್ರ್ಯಾಂಡ್ ಹೋಟೆಲ್ಲಿನ ಬಿರಿಯಾನಿ ಬಂತು. ಕರ್ನೂಲಿನಲ್ಲಿ ಮಿಠಾಯಿ ಮಾಡುತ್ತಿದ್ದ ಪುಲ್ಲಾ ರೆಡ್ಡಿ ಮನೆತನದ ತುಪ್ಪದ ಮೈಸೂರುಪಾಕು ಇಲ್ಲಿಗೆ ಬಂತು. ಕೂಗಳತೆಯ ಮೊಅಜ್ಜಂ ಜಾಹಿ ಮಾರ್ಕೆಟ್ಟಿನಲ್ಲಿ, ದೇಶವಿಭಜನೆಯಲ್ಲಿ ಎಲ್ಲ ಬಿಟ್ಟು ಬಂದ ಸಿಂಧಿ ಮನೆಯ ಖಾನ್‌ಚಂದ್ ರಾಮ್‌ನಾನಿ 1953ರಲ್ಲಿ ಕರಾಚಿ ಬೇಕರಿ ತೆರೆದರು. ಮೊಬೈಲು ಬಂದ ಮೇಲೆ ಜಗದೀಶ್ ಮಾರ್ಕೆಟ್. ಜವಳಿ, ಪುಸ್ತಕ, ಕನ್ನಡಕ, ಶೂ, ಸೂಟ್‌ಕೇಸು, ಬ್ಯಾಂಡ್ ವಾದ್ಯ ಎಲ್ಲವೂ ನಡೆದು ಮುಟ್ಟುವ ದೂರದಲ್ಲಿ. ಒಂದೇ ಸೂರಿನಡಿ ಎಲ್ಲ ಎಂಬ ಆಬಿದನ ಲೆಕ್ಕಾಚಾರ ಸೂರನ್ನು ಕಿತ್ತುಹಾಕಿ ಒಂದು ಬಡಾವಣೆಯಷ್ಟು ದೊಡ್ಡದಾಯಿತು.

ಇದರಲ್ಲಿ ನಮ್ಮವರ ಪಾಲೂ ಇದೆ. 1948ರವರೆಗೆ ಕಲಬುರಗಿ, ಬೀದರ್, ರಾಯಚೂರು ನಿಜಾಮನ ಜಿಲ್ಲೆಗಳು. ಕಚೇರಿ ಕೆಲಸ, ಕೋರ್ಟು, ಉಸ್ಮಾನಿಯಾದ ಓದು ಎಲ್ಲಕ್ಕೂ ಹೈದರಾಬಾದೇ. 1956ರಲ್ಲಿ ಗಡಿ ಬದಲಾಗಿ ರಾಜಧಾನಿ ಬೆಂಗಳೂರಾದರೂ ಪೇಟೆ ಬದಲಾಗಲಿಲ್ಲ. ಕಾಚಿಗುಡದಲ್ಲಿ ಕನ್ನಡಿಗರು ಕಟ್ಟಿಕೊಂಡ ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆ ಇಂದಿಗೂ ಇವೆ. ಬೀದರಿನ ಹಿರಿಯರೊಬ್ಬರ ಮಾತು ಕೇಳಿ: “ಬೆಂಗಳೂರಿಗೆ ಕೆಲಸ ಇದ್ರ ಹೋಗ್ತೀವ್ರಿ. ಸಾಮಾನಾ ತರಾದಂದ್ರ ಹೈದ್ರಾಬಾದೇ ನೋಡ್ರಿ.”

ನೀವೂ ಹೋಗಿ. ಮುಂಬೈಯಿಂದ ಬರುವ ಹುಸೇನ್ ಸಾಗರ್ ಎಕ್ಸ್‌ಪ್ರೆಸ್ಸನ್ನು ಕಲಬುರಗಿಯಲ್ಲಿ ಹತ್ತಿದರೆ ವಾಡಿಯ ಮೇಲೆ ಹಾದು ನಾಂಪಲ್ಲಿಯಲ್ಲಿ ಇಳಿಸುತ್ತದೆ, ದೊರೆಯ ಪೆಟ್ಟಿಗೆಗಳು ಹಿಡಿದ ದಾರಿಯಲ್ಲೇ. ನಾಂಪಲ್ಲಿ ಸ್ಟೇಷನ್ನಿನಿಂದ ಆಬಿಡ್ಸಿಗೆ ಆಟೋ ಕೂಡ ಬೇಡ, ನಡೆದೇ ಹೋಗಬಹುದು. ಶುಕ್ರವಾರ ಬೇಡ, ಪುರಾನಿ ಹವೇಲಿಯ ನಿಜಾಮ್ ಮ್ಯೂಸಿಯಂ ಆ ದಿನ ಮುಚ್ಚಿರುತ್ತದೆ. ಭಾನುವಾರವೇ ಸರಿ. ಅಂದು ಆಬಿಡ್ಸಿನ ಎಷ್ಟೋ ಅಂಗಡಿಗಳ ಶಟರ್ ಇಳಿದಿರುತ್ತದೆ, ಅವುಗಳ ಮುಂದಿನ ಫುಟ್‌ಪಾತಿನ ಉದ್ದಕ್ಕೂ ಹಳೆ ಪುಸ್ತಕಗಳ ಸಂತೆ ನೆರೆದಿರುತ್ತದೆ. ಉರ್ದು, ತೆಲುಗು, ಇಂಗ್ಲಿಷ್, ನಡುನಡುವೆ ಅದೃಷ್ಟವಿದ್ದರೆ ಕನ್ನಡ. ನಾನು ಆ ರಾಶಿಗಳಲ್ಲಿ ಹುಡುಕುವುದು ಪುಸ್ತಕವನ್ನಲ್ಲ, ಪುಸ್ತಕದೊಳಗೆ ಯಾರೋ ಗುರುತಿಗೆ ಇಟ್ಟು ಮರೆತಿರಬಹುದಾದ ಆಬಿದ್ ಕಂಪನಿಯ ಒಂದು ಬಿಲ್ಲು. ಕಲಬುರಗಿ, ಬೀದರ್, ರಾಯಚೂರಿನ ಹಳೇ ದೇಸಗತಿ ಮನೆಗಳಲ್ಲಿ, ವಕೀಲರ ಮನೆಗಳಲ್ಲಿ, ಸಾಹುಕಾರರ ಅಟ್ಟದ ಮೇಲಿನ ಟ್ರಂಕುಗಳಲ್ಲಿ ಅಂಥ ಚೀಟಿ ಇರುವ ಸಾಧ್ಯತೆ ಖಂಡಿತ ಇದೆ. ಈ ಸಲ ಅಟ್ಟ ಹತ್ತಿದಾಗ ಕಾಗದಗಳನ್ನು ಒಲೆಗೆ ಹಾಕುವ ಮೊದಲು ಒಂದೊಂದನ್ನೂ ಬಿಡಿಸಿ ನೋಡಿ. ಯಾವ ಸಾಮಾನು, ಯಾವ ತಾರೀಖು, ಹಾಲಿಯಲ್ಲಿ ಎಷ್ಟು, ಕಲ್ದಾರಿನಲ್ಲಿ ಎಷ್ಟು, ಇಷ್ಟು ಅದರಲ್ಲಿದ್ದರೂ ಸಾಕು, ಈ ಅಂಗಡಿಯ ಒಳಗಿನ ಲೆಕ್ಕ ನಮಗೆ ಮೊದಲ ಸಲ ಸಿಕ್ಕಂತಾಗುತ್ತದೆ.